ಬೆಟ್ಟ ಮಳೆಯನ್ನು ತಡೆದಾಗ: 395ನೇ ಹೆದ್ದಾರಿಯ ಬಗ್ಗೆ ಓದುಗರ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಪೂರ್ವ ಅಂಚಿನಲ್ಲಿ ಸಿಯೆರಾ ನೆವಾಡಾ ಪರ್ವತಸಾಲಿನ ಬುಡ ಹಿಡಿದು ದಕ್ಷಿಣದಿಂದ ಉತ್ತರಕ್ಕೆ ಸಾಗುವ 395ನೇ ಹೆದ್ದಾರಿ ಮತ್ತು ಅದರಿಂದ ಪೂರ್ವಕ್ಕೆ ಕವಲೊಡೆದು ಡೆತ್ ವ್ಯಾಲಿಯ ಮರುಭೂಮಿಗೆ ಇಳಿಯುವ 190ನೇ ರಸ್ತೆಯ ಬಗ್ಗೆ ಹಲವು ಓದುಗರು ಈ ಅಂಕಣಕ್ಕೆ ಬರೆದಿದ್ದಾರೆ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ತಂದೆತಾಯಿಯರು, ಅಲ್ಲಿಯೇ ಉದ್ಯೋಗದಲ್ಲಿರುವವರು, ಭೂಗೋಳದಲ್ಲಿ ಆಸಕ್ತಿಯುಳ್ಳವರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅಲಾಸ್ಕವನ್ನು ಬಿಟ್ಟರೆ ಅಮೆರಿಕದ ಅತಿ ಎತ್ತರದ ಶಿಖರವೂ ಅತಿ ತಗ್ಗಿನ ನೆಲವೂ ಈ ಒಂದೇ ಸೀಮೆಯಲ್ಲಿವೆ ಎಂದು ಓದಿದ್ದೇನೆ. ಹಿಮ ಹೊದ್ದ ಬೆಟ್ಟದ ಪಕ್ಕದಲ್ಲೇ ಅಂಥ ಮರುಭೂಮಿ ಇರಲು ಕಾರಣವೇನು?

ಉತ್ತರ: ಈ ದಾರಿಯಲ್ಲಿ ಕಾಣುವ ಬಹುತೇಕ ಎಲ್ಲದಕ್ಕೂ ಬೀಗದ ಕೈ ಈ ಪ್ರಶ್ನೆಯಲ್ಲಿದೆ, ಆದ್ದರಿಂದ ಇದನ್ನೇ ಮೊದಲು ತೆಗೆದುಕೊಂಡಿದ್ದೇನೆ. ಸಿಯೆರಾದ ಮೌಂಟ್ ವಿಟ್ನಿ ಶಿಖರದ ಎತ್ತರ 4,421 ಮೀಟರ್. ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ಎಂಬ ಉಪ್ಪಿನ ಬಯಲು ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಹಕ್ಕಿ ಹಾರುವ ಲೆಕ್ಕದಲ್ಲಿ ಇವೆರಡರ ನಡುವಿನ ದೂರ 140 ಕಿಲೋಮೀಟರನ್ನೂ ಮೀರುವುದಿಲ್ಲ. ಪೆಸಿಫಿಕ್ ಸಾಗರದಿಂದ ಬರುವ ತೇವದ ಗಾಳಿ ಸಿಯೆರಾದ ಪಶ್ಚಿಮದ ಇಳಿಜಾರನ್ನು ಏರುತ್ತ ತಂಪಾಗಿ, ತನ್ನಲ್ಲಿದ್ದ ನೀರನ್ನೆಲ್ಲ ಮಳೆಯಾಗಿ, ಹಿಮವಾಗಿ ಅಲ್ಲಿಯೇ ಸುರಿದುಬಿಡುತ್ತದೆ. ಶಿಖರಗಳನ್ನು ದಾಟಿ ಪೂರ್ವಕ್ಕೆ ಇಳಿಯುವ ಗಾಳಿ ಒಣಗಿಹೋಗಿರುತ್ತದೆ. ಇಳಿಯುವಾಗ ಬಿಸಿಯಾಗಿ ಇನ್ನಷ್ಟು ಒಣಗುತ್ತದೆ. ಆಗುಂಬೆಯ ಮಳೆ ಚಳ್ಳಕೆರೆಯನ್ನು ಏಕೆ ತಲುಪುವುದಿಲ್ಲ ಎಂಬುದನ್ನು ಬಲ್ಲ ನಮಗೆ ಈ ಮಳೆನೆರಳಿನ ಲೆಕ್ಕ ಹೊಸದಲ್ಲ. ಆದರೆ ಅಲ್ಲಿ ಆ ಗಾಳಿಗೆ ಅಡ್ಡ ನಿಂತಿರುವುದು ಒಂದು ಬೆಟ್ಟಸಾಲಲ್ಲ. ಸಿಯೆರಾ ದಾಟಿದ ಮೋಡಕ್ಕೆ ಇನ್ಯೊ ಬೆಟ್ಟಗಳು, ಅದನ್ನೂ ದಾಟಿದರೆ ಪ್ಯಾನಮಿಂಟ್ ಬೆಟ್ಟಗಳು ಎದುರಾಗುತ್ತವೆ. ಸಿಯೆರಾದ ಬುಡದಲ್ಲಿರುವ ಓವೆನ್ಸ್ ಕಣಿವೆಗೆ ವರ್ಷಕ್ಕೆ ಐದಾರು ಅಂಗುಲ ಮಳೆಯಾದರೂ ಸಿಗುತ್ತದೆ. ಕೊನೆಯ ಡೆತ್ ವ್ಯಾಲಿಗೆ ಉಳಿಯುವುದು ಸುಮಾರು ಎರಡು ಅಂಗುಲ ಮಾತ್ರ.

ಎತ್ತರ ತಗ್ಗುಗಳ ಕಾರಣ ನೆಲದ ಒಳಗಿದೆ. ಆ ಭಾಗದಲ್ಲಿ ಭೂಮಿಯ ಹೊರಪದರ ಪೂರ್ವ ಪಶ್ಚಿಮಗಳಿಗೆ ಎಳೆಯಲ್ಪಟ್ಟು ಬಿರುಕು ಬಿಟ್ಟಿದೆ. ಬಿರುಕಿನ ಒಂದು ಬದಿಯ ಬಂಡೆಯ ದಿಮ್ಮಿ ಮೇಲೇಳುತ್ತದೆ, ಇನ್ನೊಂದು ಬದಿ ಕುಸಿಯುತ್ತದೆ. ಸಿಯೆರಾ ಹಾಗೆ ಪೂರ್ವದ ಅಂಚಿನಲ್ಲಿ ಎತ್ತಲ್ಪಟ್ಟು ಪಶ್ಚಿಮಕ್ಕೆ ವಾಲಿದ ದಿಮ್ಮಿಯಾಗಿರುವುದರಿಂದ, ಪಶ್ಚಿಮದಿಂದ ನೋಡಿದರೆ ಗುಡ್ಡಗಳು ಮೆಲ್ಲಗೆ ಏರುತ್ತ ಹೋಗುತ್ತವೆ, ಪೂರ್ವದಿಂದ ನೋಡಿದರೆ ಗೋಡೆಯೊಂದು ನೆಟ್ಟಗೆ ನಿಂತಿರುತ್ತದೆ. ಆ ಗೋಡೆಯ ಬುಡದ ಲೋನ್ ಪೈನ್ ಊರು 1,136 ಮೀಟರ್ ಎತ್ತರದಲ್ಲಿದ್ದು, ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ಅಂತರದಲ್ಲಿ ನೆಲ ಮೂರು ಸಾವಿರದ ಇನ್ನೂರು ಮೀಟರಿಗೂ ಹೆಚ್ಚು ಏರಿಬಿಡುತ್ತದೆ. ಈ ಚಲನೆ ಇನ್ನೂ ನಿಂತಿಲ್ಲ. 1872ರ ಮಾರ್ಚ್ 26ರ ಭೂಕಂಪ ಲೋನ್ ಪೈನ್‌ನ ಬಹುಪಾಲು ಮನೆಗಳನ್ನು ಉರುಳಿಸಿ 27 ಜನರನ್ನು ಬಲಿ ತೆಗೆದುಕೊಂಡಿತು. ಸಿಯೆರಾವನ್ನು ನೋಡಬೇಕಾದದ್ದು ಪೂರ್ವದಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಡೆತ್ ವ್ಯಾಲಿಗೆ ನಮ್ಮ ಬಳಿ ಒಂದೇ ಹಗಲು ಒಂದೇ ರಾತ್ರಿ ಇದೆ. ಮಕ್ಕಳ ಬೇಸಿಗೆ ರಜೆಯಲ್ಲಿ ಹೋಗಬಹುದೆ? ಏನನ್ನು ನೋಡಬೇಕು, ಏನನ್ನು ಬಿಡಬಹುದು?

ಉತ್ತರ: ಬೇಸಿಗೆಯಲ್ಲಿ ಹೋಗಬೇಡಿ. ಅಲ್ಲಿಯ ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಇಂದಿಗೂ ಜಗತ್ತಿನ ಅಧಿಕೃತ ದಾಖಲೆಯಾಗಿದೆ, ಜುಲೈ ತಿಂಗಳ ಸಾಮಾನ್ಯ ಹಗಲು ಕೂಡ 46 ಡಿಗ್ರಿಯನ್ನು ದಾಟುತ್ತದೆ. ರಾತ್ರಿಯೂ ನೆಲ ತಣಿಯದ ಆ ದಿನಗಳಲ್ಲಿ ಪ್ರವಾಸಿಗರು ಪ್ರಾಣ ಕಳೆದುಕೊಂಡಿರುವ ಘಟನೆಗಳು ಮತ್ತೆ ಮತ್ತೆ ನಡೆದಿವೆ. ನವೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲ ಹಿತವಾಗಿರುತ್ತದೆ.

ಲೋನ್ ಪೈನ್ ಕಡೆಯಿಂದ ಪ್ರವೇಶಿಸುವುದನ್ನೇ ನಾನು ಸೂಚಿಸುತ್ತೇನೆ, ಏಕೆಂದರೆ ಆ ದಾರಿಯೇ ಅರ್ಧ ಪ್ರವಾಸ. ಫಾದರ್ ಕ್ರೌಲಿ ಎಂಬಲ್ಲಿ ರಸ್ತೆಯ ಬದಿಗೆ ಕಪ್ಪು ಕೆಂಪು ಲಾವಾ ಪದರಗಳ ಕಮರಿ ತೆರೆದುಕೊಳ್ಳುತ್ತದೆ. ಅಲ್ಲಿಂದ ಪ್ಯಾನಮಿಂಟ್ ಕಣಿವೆಯ ಬಯಲಿಗೆ ಇಳಿದು, ಮತ್ತೆ 1,511 ಮೀಟರ್ ಎತ್ತರದ ಟೌನ್ ಪಾಸ್ ಎಂಬ ಘಾಟಿಯನ್ನು ಹತ್ತಿ, ಅದರಾಚೆ ಒಂದೇ ಉಸಿರಿಗೆಂಬಂತೆ ಸಮುದ್ರಮಟ್ಟಕ್ಕೆ ಇಳಿಯಬೇಕು. ಇಳಿದ ಕೂಡಲೇ ಸ್ಟೋವ್‌ಪೈಪ್ ವೆಲ್ಸ್ ಎಂಬ ಪುಟ್ಟ ನೆಲೆ, ಅದರ ಪಕ್ಕದಲ್ಲಿ ಮೆಸ್ಕೀಟ್ ಮರಳ ದಿಬ್ಬಗಳು. ಇವಕ್ಕೆ ಸಂಜೆಯ ಓರೆ ಬಿಸಿಲನ್ನು ಮೀಸಲಿಡಿ. ನಡುಮಧ್ಯಾಹ್ನದಲ್ಲಿ ದಿಬ್ಬಗಳ ಏರಿಳಿತವೇ ಕಣ್ಣಿಗೆ ಕಾಣುವುದಿಲ್ಲ. ಮರುದಿನ ಸೂರ್ಯೋದಯಕ್ಕೆ ಝಬ್ರಿಸ್ಕಿ ಪಾಯಿಂಟ್‌ನಲ್ಲಿರಿ. ಒಂದು ಕಾಲದ ಸರೋವರದ ತಳದಲ್ಲಿ ಕೂತ ಹೂಳು ಗಟ್ಟಿಯಾಗಿ, ಮೇಲೆದ್ದು, ಅಪರೂಪದ ಮಳೆಗಳಿಂದ ಕೊರೆಯಲ್ಪಟ್ಟು ಆದ ಹಳದಿ ಮಡಿಕೆಗಳು ಅಲ್ಲಿವೆ. ಬಳಿಕ ಬ್ಯಾಡ್‌ವಾಟರ್, ಕೊನೆಗೆ 1,669 ಮೀಟರ್ ಎತ್ತರದ ಡಾಂಟೆಸ್ ವ್ಯೂ. ಕೆಳಗೆ ನಡೆದಾಡಿದ ಉಪ್ಪಿನ ಬಯಲನ್ನು ಮೇಲಿಂದ ಇಡಿಯಾಗಿ ನೋಡಿದಾಗಲೇ ಆ ಕಣಿವೆಯ ಅಳತೆ ಮನಸ್ಸಿಗೆ ಹಿಡಿಯುತ್ತದೆ.

ತಾವಾಗಿಯೇ ಚಲಿಸುವ ಕಲ್ಲುಗಳಿಗೆ ಹೆಸರಾದ ರೇಸ್‌ಟ್ರ್ಯಾಕ್ ಬಯಲನ್ನು ಈ ಬಾರಿ ಬಿಡಿ. ಅಲ್ಲಿಗೆ ಹೋಗುವ ಒರಟು ಮಣ್ಣುದಾರಿ ಸಾಧಾರಣ ಬಾಡಿಗೆ ಕಾರಿಗೆ ತಕ್ಕದ್ದಲ್ಲ. ಆ ಕಲ್ಲುಗಳ ರಹಸ್ಯ ಮಾತ್ರ 2014ರಲ್ಲಿ ಬಯಲಾಯಿತು: ಚಳಿಗಾಲದಲ್ಲಿ ಬಯಲ ಮೇಲೆ ನಿಂತ ತೆಳುನೀರು ರಾತ್ರಿ ಹೆಪ್ಪುಗಟ್ಟಿ, ಬೆಳಿಗ್ಗೆ ಒಡೆದ ಮಂಜಿನ ಹಾಳೆಗಳು ಹಗುರವಾದ ಗಾಳಿಗೆ ತೇಲುತ್ತ ಕಲ್ಲುಗಳನ್ನು ಕೆಸರಿನ ಮೇಲೆ ಮೆಲ್ಲಗೆ ತಳ್ಳುತ್ತವೆ.

ಪ್ರಶ್ನೆ: ಲೋನ್ ಪೈನ್, ಇಂಡಿಪೆಂಡೆನ್ಸ್, ಬಿಗ್ ಪೈನ್, ಬಿಷಪ್ ಇವೆಲ್ಲ ಒಂದೇ ಬೀದಿಯ ಊರುಗಳಂತೆ ಕಾಣುತ್ತವೆ. ಪೆಟ್ರೋಲ್ ತುಂಬಿಸಿಕೊಂಡು ಮುಂದೆ ಹೋದರೆ ಸಾಲದೆ? ಅಲ್ಲಿ ನಿಲ್ಲುವಂಥದ್ದೇನಿದೆ?

ಉತ್ತರ: ಈ ಊರುಗಳು ಏಕೆ ಇಷ್ಟು ಚಿಕ್ಕವಾಗಿ ಉಳಿದವು ಎಂದು ಕೇಳಿಕೊಂಡು ನೋಡಿದರೆ, ದಾರಿಯಲ್ಲಿ ಇದಕ್ಕಿಂತ ಗಂಭೀರವಾದ ಕಥೆ ಬೇರೆ ಇಲ್ಲ ಎಂಬುದು ತಿಳಿಯುತ್ತದೆ. ಮಳೆ ಬೀಳದಿದ್ದರೂ ಓವೆನ್ಸ್ ಕಣಿವೆಗೆ ನೀರಿನ ಕೊರತೆ ಇರಲಿಲ್ಲ, ಏಕೆಂದರೆ ಸಿಯೆರಾದ ಹಿಮ ಕರಗಿ ಹತ್ತಾರು ತೊರೆಗಳಾಗಿ ಇಳಿದು ಓವೆನ್ಸ್ ನದಿಯನ್ನು ಸೇರುತ್ತಿತ್ತು. ಅಲ್ಲಿಯ ಮೂಲನಿವಾಸಿಗಳಾದ ಪೈಯೂಟ್ ಜನರು ಬಿಳಿಯರು ಬರುವ ಮೊದಲೇ ತೊರೆಗಳಿಂದ ಕಾಲುವೆ ತೋಡಿ, ತಮ್ಮ ಆಹಾರದ ಗಡ್ಡೆಗಿಡಗಳಿಗೆ ನೀರು ಹಾಯಿಸುತ್ತಿದ್ದರು. 1863ರಲ್ಲಿ ಸೈನ್ಯ ಅವರಲ್ಲಿ ಸುಮಾರು ಸಾವಿರ ಜನರನ್ನು ಕಣಿವೆಯಿಂದ ದೂರದ ಫೋರ್ಟ್ ಟೆಹೋನ್‌ಗೆ ಬಲವಂತವಾಗಿ ನಡೆಸಿಕೊಂಡು ಹೋಯಿತು. ಆಮೇಲೆ ಅದೇ ನೀರನ್ನು ನಂಬಿ ಬಂದ ರೈತರ ತೋಟಗಳೂ ಹೊಲಗಳೂ ಬೆಳೆದವು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳೆಯುತ್ತಿದ್ದ ಲಾಸ್ ಏಂಜಲೀಸ್ ನಗರ ಈ ಕಣಿವೆಯ ಜಮೀನನ್ನೂ ಅದರೊಂದಿಗೆ ನೀರಿನ ಹಕ್ಕನ್ನೂ ಕೊಳ್ಳತೊಡಗಿತು, ಅನೇಕ ಸಲ ಕೊಳ್ಳುತ್ತಿರುವವರು ಯಾರೆಂದು ಮಾರುವವರಿಗೆ ತಿಳಿಯದ ಹಾಗೆ. ವಿಲಿಯಂ ಮಲ್‌ಹಾಲಂಡ್ ಎಂಬ ಎಂಜಿನಿಯರ್ ಕಟ್ಟಿಸಿದ, ಸುಮಾರು 375 ಕಿಲೋಮೀಟರ್ ಉದ್ದದ, ಪಂಪ್ ಇಲ್ಲದೆ ಇಳಿಜಾರಿನ ಬಲದಿಂದಲೇ ಹರಿಯುವ ನಾಲೆ 1913ರ ನವೆಂಬರ್‌ನಲ್ಲಿ ತೆರೆಯಿತು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಅಸಾಧಾರಣ ಕೆಲಸ, ಅದನ್ನು ಒಪ್ಪಲೇಬೇಕು. ಆದರೆ ಇಪ್ಪತ್ತರ ದಶಕದ ನಡುವಿನ ಹೊತ್ತಿಗೆ ನದಿಯ ಕೊನೆಯಲ್ಲಿದ್ದ ಓವೆನ್ಸ್ ಸರೋವರ ಬತ್ತಿಹೋಯಿತು. ಬತ್ತಿದ ತಳದಿಂದ ಏಳುವ ಉಪ್ಪು ಬೆರೆತ ಧೂಳು ದಶಕಗಳ ಕಾಲ ದಂಡೆಯ ಊರುಗಳ ಉಸಿರಿಗೆ ಕಂಟಕವಾಯಿತು. ಲೋನ್ ಪೈನ್‌ನಿಂದ ಡೆತ್ ವ್ಯಾಲಿಯ ಕಡೆಗೆ ತಿರುಗುವಾಗ ಬಲಕ್ಕೆ ಕಾಣುವ, ಅಲ್ಲಲ್ಲಿ ತೆಳುನೀರು ನಿಲ್ಲಿಸಿ ಧೂಳನ್ನು ಅದುಮಿಟ್ಟಿರುವ ವಿಶಾಲ ಬಯಲೇ ಆ ಸರೋವರ. ಕಣಿವೆಯ ಜನ ಸುಮ್ಮನಿರಲಿಲ್ಲ. 1924ರ ನವೆಂಬರ್‌ನಲ್ಲಿ ಲೋನ್ ಪೈನ್‌ನ ಉತ್ತರದ ಅಲಬಾಮಾ ತೂಬನ್ನು ವಶಪಡಿಸಿಕೊಂಡು ನಾಲ್ಕು ದಿನ ನಾಲೆಯ ನೀರನ್ನು ಮತ್ತೆ ನದಿಗೆ ಹರಿಸಿದರು. ಹೆಂಗಸರು ಮಕ್ಕಳು ಅಡುಗೆ ಸಾಮಾನು ಹೊತ್ತು ಅಲ್ಲಿಗೇ ಬಂದರು. ಹೋರಾಟ ಗೆಲ್ಲಲಿಲ್ಲ. ಇಂದಿಗೂ ಇನ್ಯೊ ಮತ್ತು ಮೋನೊ ಜಿಲ್ಲೆಗಳಲ್ಲಿ ಮೂರು ಲಕ್ಷ ಎಕರೆಗೂ ಹೆಚ್ಚು ನೆಲ ಆ ದೂರದ ನಗರದ ಒಡೆತನದಲ್ಲಿದೆ, ಊರುಗಳು ಹರಡಿಕೊಳ್ಳಲು ಜಾಗವಿಲ್ಲದಿರುವುದಕ್ಕೆ ಅದೇ ಮುಖ್ಯ ಕಾರಣ. ಕಣಿವೆ ಕಟ್ಟಡಗಳಿಂದ ತುಂಬದೆ ಇಷ್ಟು ತೆರೆದುಕೊಂಡು ಕಾಣುವುದಕ್ಕೂ ಅದೇ ಕಾರಣ ಎಂಬುದನ್ನು ನೋಡುವವರು ಅರಿತಿರಬೇಕು.

ಹೀಗಾಗಿ ಲೋನ್ ಪೈನ್‌ನಲ್ಲಿ ಒಂದು ರಾತ್ರಿ ತಂಗಿ. ಊರಿನ ಪಶ್ಚಿಮಕ್ಕಿರುವ ಅಲಬಾಮಾ ಹಿಲ್ಸ್‌ನ ದುಂಡು ಬಂಡೆಗಳ ನಡುವೆ ಬೆಳಗಿನ ಮೊದಲ ಬಿಸಿಲು ವಿಟ್ನಿಯ ತುದಿಗೆ ತಾಗುವುದನ್ನು ನೋಡಿ. ನೂರಾರು ಸಿನಿಮಾಗಳ ಚಿತ್ರೀಕರಣ ನಡೆದ ಜಾಗವದು, ಅದಕ್ಕಾಗಿಯೇ ಊರಲ್ಲಿ ಒಂದು ಸಂಗ್ರಹಾಲಯವೂ ಇದೆ. ಅಲ್ಲಿಂದ ಉತ್ತರಕ್ಕೆ ಇಂಡಿಪೆಂಡೆನ್ಸ್‌ಗೆ ಹೋಗುವ ದಾರಿಯಲ್ಲಿ ಮಾಂಜನಾರ್ ಇದೆ. ಸೇಬು, ಪಿಯರ್ ಹಣ್ಣುಗಳ ತೋಟದ ಊರಾಗಿದ್ದ ಅದು ನಗರ ಜಮೀನು ಕೊಂಡ ಮೇಲೆ ಇಪ್ಪತ್ತರ ದಶಕದ ಕೊನೆಗೆ ಖಾಲಿಯಾಯಿತು. ಎರಡನೆಯ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ಅದೇ ನೆಲದ ಮೇಲೆ ಮುಳ್ಳುತಂತಿಯ ಬೇಲಿ ಹಾಕಿ ಜಪಾನೀ ಮೂಲದ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕೂಡಿಹಾಕಲಾಯಿತು. ಅವರಲ್ಲಿ ಬಹುಪಾಲು ಅಮೆರಿಕದ ಪ್ರಜೆಗಳೇ ಆಗಿದ್ದರು, ಯಾರ ಮೇಲೂ ಅಪರಾಧದ ವಿಚಾರಣೆ ನಡೆದಿರಲಿಲ್ಲ. 1992ರಿಂದ ಅದು ರಾಷ್ಟ್ರೀಯ ಚಾರಿತ್ರಿಕ ಸ್ಥಳವಾಗಿದೆ. ಮರುನಿರ್ಮಿಸಿದ ವಸತಿ ಶೆಡ್‌ಗಳು, ಕಾವಲು ಗೋಪುರ, ಕೈದಿಗಳು ತಾವೇ ರೂಪಿಸಿಕೊಂಡಿದ್ದ ತೋಟಗಳ ಕಲ್ಲುಗಳು, ಸ್ಮಶಾನದ ಬಿಳಿಯ ಕಂಬ ಇವನ್ನು ನೋಡಲು ಕನಿಷ್ಠ ಎರಡು ಗಂಟೆ ಬೇಕು. ಇದನ್ನು ನೋಡದೆ ಮುಂದೆ ಹೋಗಬಾರದು ಎಂದು ಒತ್ತಿ ಹೇಳುತ್ತೇನೆ.

ಪ್ರಶ್ನೆ: ಬಿಗ್ ಪೈನ್‌ನಿಂದ ಮೇಲೆ ಹೋದರೆ ಜಗತ್ತಿನ ಅತ್ಯಂತ ಹಳೆಯ ಮರವಿದೆಯಂತೆ. ಅದನ್ನು ತೋರಿಸುತ್ತಾರೆಯೆ?

ಉತ್ತರ: ತೋರಿಸುವುದಿಲ್ಲ. 4,800 ವರ್ಷಗಳಿಗೂ ಮೀರಿದ ಮೆಥೂಸೆಲಾ ಎಂಬ ಬ್ರಿಸಲ್‌ಕೋನ್ ಪೈನ್ ಮರ ಅಲ್ಲಿಯ ಕಾಡಿನಲ್ಲಿಯೇ ಇದೆ, ಆದರೆ ಅದಕ್ಕೆ ಕೆಡುಕಾಗದಿರಲೆಂದು ಗುರುತು ಫಲಕ ಹಾಕಿಲ್ಲ. ಅದರ ಚಿಂತೆ ಬೇಡ. ಶುಲ್ಮನ್ ತೋಪಿನ ಕಾಲುದಾರಿಯಲ್ಲಿ ನಡೆಯುವಾಗ ನಿಮ್ಮ ಸುತ್ತ ಸಾವಿರಾರು ವರ್ಷದ ಮರಗಳೇ ಇರುತ್ತವೆ. ಸುಮಾರು 3,000 ಮೀಟರ್ ಎತ್ತರದ ಸುಣ್ಣಗಲ್ಲಿನ ಬಡ ಮಣ್ಣು, ಕೊರೆಯುವ ಚಳಿ, ಅಪರೂಪದ ಮಳೆ, ಇವೇ ಅವುಗಳ ದೀರ್ಘಾಯುಷ್ಯಕ್ಕೆ ಕಾರಣ: ಬೆಳವಣಿಗೆ ಅತಿ ನಿಧಾನವಾದ್ದರಿಂದ ಕಟ್ಟಿಗೆ ಒತ್ತಾಗಿ ಅಂಟು ತುಂಬಿಕೊಂಡು ಹುಳಕ್ಕೂ ಕೊಳೆತಕ್ಕೂ ಬಗ್ಗುವುದಿಲ್ಲ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆ.

ಪ್ರಶ್ನೆ: ಮೋನೊ ಸರೋವರದ ನೀರಿನಲ್ಲಿ ನಿಂತಿರುವ ಬಿಳಿಯ ಗೋಪುರಗಳ ಚಿತ್ರ ನೋಡಿದ್ದೇನೆ. ಅವು ಹೇಗಾದವು? ಆ ಸರೋವರ ಸಾಯುತ್ತಿದೆ ಎನ್ನುವುದು ನಿಜವೆ?

ಉತ್ತರ: ಲೀ ವೈನಿಂಗ್ ಎಂಬ ಪುಟ್ಟ ಊರಿನ ಪಕ್ಕದ ಈ ಸರೋವರಕ್ಕೆ ತೊರೆಗಳು ಬಂದು ಸೇರುತ್ತವೆಯೇ ಹೊರತು ಅದರಿಂದ ಹೊರಗೆ ಹರಿಯುವ ದಾರಿಯಿಲ್ಲ. ಲಕ್ಷಾಂತರ ವರ್ಷಗಳಿಂದ ನೀರು ಆವಿಯಾಗುತ್ತ ಉಪ್ಪು, ಸೋಡಾಗಳು ಉಳಿಯುತ್ತ ಬಂದು, ಈಗ ಅದು ಸಮುದ್ರಕ್ಕಿಂತ ಎರಡು ಮೂರು ಪಟ್ಟು ಉಪ್ಪಾಗಿದೆ. ತಳದಿಂದ ಉಕ್ಕುವ ಸಿಹಿನೀರಿನ ಬುಗ್ಗೆಗಳಲ್ಲಿ ಕ್ಯಾಲ್ಸಿಯಂ ಇದೆ, ಸರೋವರದ ನೀರಿನಲ್ಲಿ ಕಾರ್ಬೊನೇಟ್ ಇದೆ. ಎರಡೂ ಕೂಡಿದಲ್ಲಿ ಸುಣ್ಣಗಲ್ಲು ಕಟ್ಟಿಕೊಂಡು ಬುಗ್ಗೆಯ ಬಾಯಿಯ ಸುತ್ತ ಗೋಪುರವಾಗಿ ಏರುತ್ತದೆ. ಅದನ್ನು ಟೂಫಾ ಎನ್ನುತ್ತಾರೆ. ಟೂಫಾ ಬೆಳೆಯುವುದು ನೀರಿನ ಒಳಗೆ ಮಾತ್ರ. ಅಂದರೆ ಇಂದು ನಾವು ಮೆಚ್ಚಿ ಫೋಟೊ ತೆಗೆಯುವ ಗೋಪುರಗಳು ಹೊರಗೆ ಕಾಣುತ್ತಿರುವುದೇ ನೀರು ಇಳಿದದ್ದರಿಂದ.

ನೀರು ಇಳಿದದ್ದಕ್ಕೂ ಕಾರಣ ಅದೇ ಲಾಸ್ ಏಂಜಲೀಸ್ ನಗರದ ಬಾಯಾರಿಕೆ. 1941ರಿಂದ ಸರೋವರ ಸೇರುವ ತೊರೆಗಳನ್ನು ನಾಲೆಗೆ ತಿರುಗಿಸಲಾಯಿತು. ನಾಲ್ಕು ದಶಕಗಳಲ್ಲಿ ನೀರಿನ ಮಟ್ಟ ಸುಮಾರು 14 ಮೀಟರ್ ಕುಸಿದು, ನೀರಿನ ಪ್ರಮಾಣ ಅರ್ಧಕ್ಕಿಳಿದು, ಉಪ್ಪಿನ ಅಂಶ ಇಮ್ಮಡಿಯಾಯಿತು. ಇಷ್ಟು ಉಪ್ಪಿನಲ್ಲಿ ಮೀನು ಬದುಕುವುದಿಲ್ಲ, ಆದರೆ ಅಸಂಖ್ಯ ಉಪ್ಪುನೀರ ಸೀಗಡಿಗಳೂ ದಡದ ನೊಣಗಳೂ ಇವೆ, ಅವನ್ನು ತಿಂದು ಲಕ್ಷಾಂತರ ವಲಸೆ ಹಕ್ಕಿಗಳು ಬದುಕುತ್ತವೆ. 1979ರಲ್ಲಿ ಕಡಲಕ್ಕಿಗಳು ಮರಿಮಾಡುವ ನೆಗಿಟ್ ದ್ವೀಪಕ್ಕೆ ಒಣದಾರಿ ಬಿದ್ದು, ಕಯೋಟಿ ಎಂಬ ನರಿಯಂಥ ಪ್ರಾಣಿಗಳು ಗೂಡುಗಳಿಗೆ ನುಗ್ಗಿದವು. ಡೇವಿಡ್ ಗೇನ್ಸ್ ಮುಂತಾದ ಕೆಲವೇ ಯುವಕರು 1978ರಲ್ಲಿ ಕಟ್ಟಿದ ಸಮಿತಿ ಹಾಗೂ ಅದರ ಜೊತೆಗಾರ ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು. ಇಂಥ ನೀರು ಸಾರ್ವಜನಿಕರ ಪರವಾಗಿ ಸರ್ಕಾರ ಕಾಪಾಡಬೇಕಾದ ಸೊತ್ತು, ಹಿಂದೆ ಕೊಟ್ಟ ನೀರಿನ ಹಕ್ಕನ್ನೂ ಆ ದೃಷ್ಟಿಯಿಂದ ಮರುಪರಿಶೀಲಿಸಬಹುದು ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1983ರಲ್ಲಿ ತೀರ್ಪಿತ್ತಿತು. 1994ರಲ್ಲಿ ರಾಜ್ಯದ ಜಲಮಂಡಳಿ ಸರೋವರ 6,392 ಅಡಿಯ ಮಟ್ಟಕ್ಕೆ ಏರಬೇಕೆಂದು ಆದೇಶಿಸಿತು. ಮೂವತ್ತು ವರ್ಷಗಳಾದರೂ ಆ ಮಟ್ಟ ಮುಟ್ಟಿಲ್ಲ. ಆದರೂ ಸಾಯುತ್ತಿದೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸಾಯುತ್ತಿದ್ದದ್ದನ್ನು ಜನರು ಹಿಡಿದು ನಿಲ್ಲಿಸಿದ್ದಾರೆ, ಕೆಲಸ ಪೂರ್ತಿಯಾಗಿಲ್ಲ ಎನ್ನುವುದೇ ಸರಿ. ದಕ್ಷಿಣ ದಡದ ಟೂಫಾ ಕಾಲುದಾರಿಯಲ್ಲಿ, ನೀರು ಯಾವ ವರ್ಷ ಎಲ್ಲಿಯವರೆಗಿತ್ತು ಎಂಬ ಫಲಕಗಳನ್ನು ಓದುತ್ತ ಇಳಿದು ಹೋಗಿ. ಟೂಫಾವನ್ನು ಮುರಿಯುವುದಾಗಲಿ ಹತ್ತುವುದಾಗಲಿ ಕೂಡದು.

ಪ್ರಶ್ನೆ: ಬೋಡಿ ಎಂಬ ಪಾಳುಬಿದ್ದ ಊರನ್ನು ನೋಡಲು ದಾರಿ ಬಿಟ್ಟು ಹೋಗುವುದು ಸಾರ್ಥಕವೆ?

ಉತ್ತರ: ಸಾರ್ಥಕ. 1880ರ ಆಸುಪಾಸಿನಲ್ಲಿ ಚಿನ್ನದ ಗಣಿಯಿಂದಾಗಿ ಎಂಟು ಸಾವಿರದಷ್ಟು ಜನರಿದ್ದ ಊರದು. ಚಿನ್ನ ತೀರಿದಂತೆ ಜನ ಚದುರಿದರು, ಬೆಂಕಿ ಅನಾಹುತಗಳು ಬಹುಭಾಗವನ್ನು ನುಂಗಿದವು. 1962ರಲ್ಲಿ ರಾಜ್ಯ ಅದನ್ನು ಉದ್ಯಾನವಾಗಿ ವಹಿಸಿಕೊಂಡಾಗ ಒಂದು ವಿವೇಕದ ನಿರ್ಧಾರ ಮಾಡಿತು: ಉಳಿದ ಮನೆಗಳನ್ನು ಹೊಸದಾಗಿ ಸಿಂಗರಿಸುವುದೂ ಇಲ್ಲ, ಬೀಳಲು ಬಿಡುವುದೂ ಇಲ್ಲ. ಚಾವಣಿ ಸೋರದಂತೆ, ಗೋಡೆ ವಾಲದಂತೆ ನೋಡಿಕೊಂಡು, ಮೇಜು, ಹಾಸಿಗೆ, ಅಂಗಡಿಯ ಡಬ್ಬಿಗಳನ್ನು ಧೂಳಿನೊಂದಿಗೇ ಇಟ್ಟಿದ್ದಾರೆ. ಕಿಟಕಿಯ ಗಾಜಿನಿಂದ ನೋಡಬೇಕು. ಚಾರಿತ್ರಿಕ ಸ್ಥಳಗಳಿಗೆ ಬಣ್ಣ ಬಳಿದು ಕೆಡಿಸುವ ರೂಢಿ ಎಲ್ಲೆಡೆ ಇರುವಾಗ ಈ ಸಂಯಮವನ್ನು ನಾನು ಬಹಳ ಮೆಚ್ಚುತ್ತೇನೆ. ಕೊನೆಯ ಐದು ಕಿಲೋಮೀಟರ್ ಮಣ್ಣಿನ ರಸ್ತೆ. ಒಳಗೆ ಊಟವೂ ಇಲ್ಲ, ಪೆಟ್ರೋಲೂ ಇಲ್ಲ.

ಪ್ರಶ್ನೆ: ಮರುಭೂಮಿಗೆ ಚಳಿಗಾಲ ಒಳ್ಳೆಯದು, ಘಾಟಿಗಳು ತೆರೆಯುವುದು ಬೇಸಿಗೆಯಲ್ಲಿ. ಎರಡನ್ನೂ ಒಂದೇ ಪ್ರವಾಸದಲ್ಲಿ ಕೂಡಿಸಲು ಯಾವ ತಿಂಗಳು ಸೂಕ್ತ? ಎಪ್ಪತ್ತು ದಾಟಿದ ತಂದೆತಾಯಿ ಜೊತೆಯಲ್ಲಿರುತ್ತಾರೆ.

ಉತ್ತರ: ಅಕ್ಟೋಬರ್ ಮೊದಲ ಮೂರು ವಾರ. ಡೆತ್ ವ್ಯಾಲಿಯಲ್ಲಿ ಆಗಲೂ ಮಧ್ಯಾಹ್ನ ಬಿಸಿಲು ಕಾಯುತ್ತದೆ, ಆದರೆ ಬೆಳಿಗ್ಗೆ ಸಂಜೆ ತಡೆಯಬಹುದು. ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ದಾಟಿಸುವ 3,031 ಮೀಟರ್ ಎತ್ತರದ ಟಿಯೋಗಾ ಪಾಸ್ ಸಾಮಾನ್ಯವಾಗಿ ನವೆಂಬರ್‌ನಲ್ಲಿ ಹಿಮಕ್ಕೆ ಮುಚ್ಚಿ ಮೇ ಕೊನೆಗೋ ಜೂನ್‌ನಲ್ಲೋ ತೆರೆಯುವುದರಿಂದ ಅಕ್ಟೋಬರ್‌ನಲ್ಲಿ ತೆರೆದಿರುವ ಸಂಭವ ಹೆಚ್ಚು. ಬಿಷಪ್ ಕ್ರೀಕ್, ಜೂನ್ ಲೇಕ್ ಸುತ್ತುದಾರಿ, 395ರ ಅತಿ ಎತ್ತರದ ತಾಣವಾದ 2,482 ಮೀಟರಿನ ಕಾನ್‌ವೇ ಸಮ್ಮಿಟ್, ಈ ಕಡೆಗಳಲ್ಲಿ ಆಸ್ಪೆನ್ ಮರಗಳ ಎಲೆ ಹೊಂಬಣ್ಣಕ್ಕೆ ತಿರುಗುವುದೂ ಆಗಲೇ. ಅಕಾಲದ ಹಿಮಪಾತಕ್ಕೆ ದಾರಿ ಮುಚ್ಚಬಹುದಾದ್ದರಿಂದ ಹೊರಡುವ ದಿನ ರಸ್ತೆಯ ಸ್ಥಿತಿ ವಿಚಾರಿಸಿಕೊಳ್ಳಿ.

ಹಿರಿಯರೊಂದಿಗೆ ಹೋಗುವಾಗ ಎತ್ತರವನ್ನು ಲಕ್ಷ್ಯದಲ್ಲಿಡಿ. ಸಮುದ್ರಮಟ್ಟದಿಂದ ಹೊರಟು ಅದೇ ದಿನ 3,000 ಮೀಟರಿಗೆ ಏರುವುದು ಬೇಡ. 1,265 ಮೀಟರಿನ ಬಿಷಪ್‌ನಲ್ಲಿ ಒಂದೆರಡು ರಾತ್ರಿ ತಂಗಿ, ಹಗಲು ಮೇಲೆ ಹೋಗಿ ಸಂಜೆ ಕೆಳಗಿಳಿದರೆ ದೇಹ ಹೊಂದಿಕೊಳ್ಳುತ್ತದೆ. ಹೃದಯ ಅಥವಾ ಶ್ವಾಸಕೋಶದ ತೊಂದರೆಯಿದ್ದರೆ ವೈದ್ಯರನ್ನು ಕೇಳದೆ ಹೊರಡಬೇಡಿ.

ಪ್ರಶ್ನೆ: ವಾಹನ ನಡೆಸುವವರಿಗೆ ವಿಶೇಷ ಎಚ್ಚರಿಕೆಗಳೇನಾದರೂ ಇವೆಯೆ?

ಉತ್ತರ: ಮರುಭೂಮಿಗೆ ಇಳಿಯುವ ಮೊದಲು ಲೋನ್ ಪೈನ್‌ನಲ್ಲಿ ಟ್ಯಾಂಕ್ ತುಂಬಿಸಿ, ಒಳಗೆ ಬಂಕ್‌ಗಳು ಬೆರಳೆಣಿಕೆಯಷ್ಟು, ದರವೂ ಹೆಚ್ಚು. ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು ಕಾರಿನಲ್ಲಿರಲಿ. ಫೋನ್ ಸಂಪರ್ಕ ಬಹಳ ದೂರ ಸಿಗುವುದಿಲ್ಲವಾದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಕಾಗದದ ನಕ್ಷೆಯೂ ಇದ್ದರೆ ಉತ್ತಮ. ಟೌನ್ ಪಾಸ್‌ನಂಥ ದೀರ್ಘ ಇಳಿಜಾರಿನಲ್ಲಿ ಬ್ರೇಕ್ ಒತ್ತಿಯೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ, ಕೆಳಗಿನ ಗೇರ್‌ಗೆ ಹಾಕಿ ಎಂಜಿನ್ನಿನ ತಡೆಯಲ್ಲಿ ಇಳಿಯಿರಿ. ಏರುವಾಗ ಎಂಜಿನ್ ಕಾವೇರಿದರೆ ಏಸಿ ಆರಿಸಿ. ಕಾರು ಕೆಟ್ಟು ನಿಂತರೆ ಅದನ್ನು ಬಿಟ್ಟು ನಡೆದು ಹೋಗಬೇಡಿ, ಅದರ ನೆರಳಿನಲ್ಲೇ ಕಾಯಿರಿ. 395ರಲ್ಲಿ ಗಂಟೆಗೆ 65 ಮೈಲಿ ವೇಗಕ್ಕೆ ಒಗ್ಗಿದ ಕಾಲು ಊರು ಬಂದಾಗ ತಟ್ಟನೆ 25 ಮೈಲಿಗೆ ಇಳಿಯಬೇಕಾಗುತ್ತದೆ. ಹೆದ್ದಾರಿಯೇ ಊರಿನ ಮುಖ್ಯ ಬೀದಿ, ಶಾಲೆಯ ಮಕ್ಕಳು ದಾಟುವ ಬೀದಿ ಅದು. ಫಲಕ ಕಂಡ ಕೂಡಲೇ ವೇಗ ತಗ್ಗಿಸಿ.